ಡಿಫ್ರಾಸ್ಟರ್ ಹಾಕಿದರೆ ಇಂಜಿನ್ ತಡವರಿಸೋದು ಯಾವ ಬ್ರಾಂಚ್‌ನ ಪ್ರಶ್ನೆ?

ಮಳೆಗಾಲದಲ್ಲಿ ಆಗುಂಬೆಯ 14 ತಿರುವುಗಳನ್ನೋ ಚಾರ್ಮಾಡಿಯನ್ನೋ ಕಾರಲ್ಲಿ ದಾಟಿದವರಿಗೆ ಈ ತೊಂದರೆ ಹೊಸದಲ್ಲ. ಒಳಗೆ ಐದು ಜನ, ಒದ್ದೆ ಜರ್ಕಿನ್ನು, ಹೊರಗೆ ಜಡಿಮಳೆ. ನೋಡ್ತಾ ನೋಡ್ತಾ ಮುಂದಿನ ಗಾಜು ಬೆಳ್ಳಗಾಗುತ್ತೆ. ಡಿಫ್ರಾಸ್ಟರ್ ಬಟನ್ ಒತ್ತಿದರೆ ಗಾಜೇನೋ ತಿಳಿಯಾಗುತ್ತೆ, ಆದರೆ ಎದುರಿಂದ ಬಸ್ ಬಂತು ಅಂತ ನಿಲ್ಲಿಸಿದಾಗ ಕೆಲವು ಕಾರುಗಳ ಇಂಜಿನ್ ತಡವರಿಸೋಕೆ ಶುರು ಮಾಡುತ್ತೆ. ಆರ್‌ಪಿಎಂ ಮುಳ್ಳು 800ರಿಂದ 600ಕ್ಕೆ ಬೀಳುತ್ತೆ, 1000ಕ್ಕೆ ಹಾರುತ್ತೆ, ಮತ್ತೆ ಬೀಳುತ್ತೆ. ಸ್ಟೇರಿಂಗ್ ನಡುಗುತ್ತೆ. "ಗಾಡಿ ನಿಂತುಬಿಡುತ್ತೆ, ಮೊದ್ಲು ಅದನ್ನ ಆಫ್ ಮಾಡಪ್ಪಾ" ಅಂತ ಹಿಂದಿನ ಸೀಟಿಂದ ಸಲಹೆ ಬರುತ್ತೆ. ಡಿಫ್ರಾಸ್ಟರ್ ಆಫ್ ಆಗುತ್ತೆ. ಆಮೇಲೆ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ಸ್ಟೇರಿಂಗ್.

ನಮಗೆ ಭಯ ಹುಟ್ಟಿಸೋದು ಇದೇ. ಇಂಜಿನ್ ಉಳಿಸೋಕೆ ಹೋಗಿ ಕಣ್ಣು ಕಟ್ಟಿಕೊಳ್ಳೋದು. ಇತ್ತ ಇಂಜಿನ್ ನಿಂತರೂ ಕಷ್ಟವೇ: ಪವರ್ ಸ್ಟೇರಿಂಗ್ ಗಟ್ಟಿಯಾಗಬಹುದು, ಬ್ರೇಕ್ ಬೂಸ್ಟರ್‌ನಲ್ಲಿ ಉಳಿದಿರೋ ವ್ಯಾಕ್ಯೂಮ್ ಕೆಲವು ಸಲ ಒತ್ತಿದರೆ ಮುಗಿದುಹೋಗುತ್ತೆ. ಇಳಿಜಾರಲ್ಲಿ ಎರಡೂ ಬೇಡ. ಹಾಗಾಗಿ "ಐಡ್ಲಿಂಗ್ ಸ್ವಲ್ಪ ಏರಿಳಿತ ಆಗ್ತಿದೆ ಅಷ್ಟೇ" ಅಂತ ತಳ್ಳಿಹಾಕೋ ಪ್ರಶ್ನೆ ಇದಲ್ಲ.

ಆದರೆ ಈ ಪ್ರಶ್ನೆಯನ್ನ ನಮ್ಮ ಕ್ಯಾಂಪಸ್ಸಲ್ಲಿ ಕೇಳಿ ನೋಡಿ. ಮೆಕ್ಯಾನಿಕಲ್‌ನವರು "ಅದು ಎಲೆಕ್ಟ್ರಿಕಲ್ ಲೋಡ್ ಕಣೋ" ಅಂತಾರೆ. ಎಲೆಕ್ಟ್ರಿಕಲ್‌ನವರು "ಇಂಜಿನ್ ಟ್ಯೂನಿಂಗ್ ಸರಿ ಇಲ್ಲ" ಅಂತಾರೆ. ಎಲೆಕ್ಟ್ರಾನಿಕ್ಸ್‌ನವರು ಸೆನ್ಸರ್ ಕಡೆ ಬೆರಳು ತೋರಿಸ್ತಾರೆ. ಕಂಪ್ಯೂಟರ್ ಸೈನ್ಸ್‌ನವರು "ಒಂದ್ಸಲ ಆಫ್ ಮಾಡಿ ಆನ್ ಮಾಡು" ಅಂತ ನಗ್ತಾರೆ. ತಮಾಷೆ ಏನಂದ್ರೆ ನಾಲ್ಕೂ ಜನ ಹೇಳಿದ್ದರಲ್ಲಿ ಸ್ವಲ್ಪ ಸ್ವಲ್ಪ ಸತ್ಯ ಇದೆ. ದುಃಖ ಏನಂದ್ರೆ ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ. ನಮ್ಮ ವಾದ ಇಷ್ಟೇ: ಇದು ಯಾವ ಒಂದು ಬ್ರಾಂಚ್‌ನ ಪ್ರಶ್ನೆಯೂ ಅಲ್ಲ, ಆದ್ದರಿಂದಲೇ ನಮಗೆ ಉತ್ತರ ಬರಲ್ಲ. ಬ್ರಾಂಚ್‌ಗಳು ಒಟ್ಟಿಗೆ ಕೂತು, ಓಡೋ ಇಂಜಿನ್ ಮುಂದಿಟ್ಟುಕೊಂಡು ಕಲಿಯೋ ಲ್ಯಾಬ್ ನಮಗೆ ಬೇಕು.

ಮೊದಲು ವಿಷಯವನ್ನೇ ನೋಡೋಣ.

ಡಿಫ್ರಾಸ್ಟರ್ ಅನ್ನೋ ಹೆಸರು ಗಾಜಿನ ಮೇಲೆ ಹಿಮ ಕಟ್ಟೋ ದೇಶಗಳದ್ದು. ನಮ್ಮಲ್ಲಿ ಗಾಜಿಗೆ ಕೂರೋದು ಇಬ್ಬನಿ. ನಾವು ಉಸಿರಾಡಿದ ತೇವ, ಒದ್ದೆ ಬಟ್ಟೆಯ ತೇವ ಎಲ್ಲ ಕಾರೊಳಗಿನ ಗಾಳಿಯಲ್ಲಿರುತ್ತೆ. ಮಳೆಗೆ ತಣ್ಣಗಾದ ಗಾಜು ಇಬ್ಬನಿ ಬಿಂದುವಿಗಿಂತ ಕೆಳಗಿಳಿದ ತಕ್ಷಣ ಆ ತೇವ ಒಳಮೈ ಮೇಲೆ ಹನಿಯಾಗುತ್ತೆ. ಇದನ್ನ ತೆಗೆಯೋಕೆ ಬಿಸಿಗಾಳಿ ಮಾತ್ರ ಸಾಲದು, ಒಣಗಾಳಿ ಬೇಕು. ಅದಕ್ಕೇ ಬಹಳಷ್ಟು ಕಾರುಗಳಲ್ಲಿ ಮುಂದಿನ ಡಿಫ್ರಾಸ್ಟ್ ಬಟನ್ ಒತ್ತಿದರೆ ಎಸಿ ಕಂಪ್ರೆಸರ್ ತಾನಾಗೇ ಚಾಲೂ ಆಗುತ್ತೆ. ಗಾಳಿ ಮೊದಲು ಎವಾಪೊರೇಟರ್ ಮೇಲೆ ಹಾದು ತಣ್ಣಗಾಗಿ ತೇವ ಕಳೆದುಕೊಳ್ಳುತ್ತೆ, ಆಮೇಲೆ ಹೀಟರ್ ಕೋರ್ ಮೇಲೆ ಹಾದು ಬಿಸಿಯಾಗಿ ಗಾಜಿಗೆ ಬಡಿಯುತ್ತೆ. "ಚಳಿಯಲ್ಲಿ ಎಸಿ ಯಾಕೆ, ಮೈಲೇಜ್ ಹೋಗುತ್ತೆ" ಅನ್ನೋರಿಗೆ ಉತ್ತರ ಇದು. ಅಲ್ಲಿ ಎಸಿ ಕೆಲಸ ತಂಪು ಮಾಡೋದಲ್ಲ, ಒಣಗಿಸೋದು.

ಈಗ ಲೆಕ್ಕ. ಮಳೆಯ ರಾತ್ರಿ ಏನೇನು ಆನ್ ಇರುತ್ತೆ? ಎರಡು ಹ್ಯಾಲೊಜೆನ್ ಹೆಡ್‌ಲೈಟ್ ಅಂದ್ರೆ 55 ವ್ಯಾಟ್‌ನಂತೆ 110. ಹಿಂದಿನ ಗಾಜಿನ ಮೇಲೆ ಗೆರೆ ಗೆರೆಯಾಗಿ ಕಾಣೋ ಡಿಫಾಗರ್ ತಂತಿಗೆ 150ರಿಂದ 200. ಬ್ಲೋವರ್ ಜೋರಾಗಿಟ್ಟರೆ ಹೆಚ್ಚುಕಮ್ಮಿ ಅಷ್ಟೇ. ಜೊತೆಗೆ ವೈಪರ್, ಎಸಿ ಆನ್ ಆದಾಗ ತಿರುಗೋ ರೇಡಿಯೇಟರ್ ಫ್ಯಾನ್. ಎಲ್ಲ ಸೇರಿ 550ರಿಂದ 600 ವ್ಯಾಟ್ ಅಂತಿಟ್ಟುಕೊಳ್ಳಿ. ಇದನ್ನೆಲ್ಲ ಕೊಡೋದು ಆಲ್ಟರ್ನೇಟರ್. ಅದರ ದಕ್ಷತೆ ಶೇ. 55-60ರ ಆಸುಪಾಸು ಅಂತ ಹಿಡಿದರೆ ಬೆಲ್ಟ್ ಮೂಲಕ ಇಂಜಿನ್‌ನಿಂದ ಎಳೆಯೋದು ಸುಮಾರು 1 ಕಿಲೋವ್ಯಾಟ್.

ಒಂದು ಕಿಲೋವ್ಯಾಟ್ ಅಂದ್ರೆ ದೊಡ್ಡದಾ? ಅದು ಇಂಜಿನ್ ಎಷ್ಟು ವೇಗದಲ್ಲಿದೆ ಅನ್ನೋದರ ಮೇಲೆ. ಪವರ್ ಅಂದ್ರೆ ಟಾರ್ಕ್ ಗುಣಿಸು ಕೋನವೇಗ, ಪಿಯುಸಿಯಲ್ಲೇ ಓದಿದ್ದೀವಿ. 3000 ಆರ್‌ಪಿಎಂನಲ್ಲಿ 1 ಕಿಲೋವ್ಯಾಟ್‌ಗೆ ಬೇಕಾಗೋ ಟಾರ್ಕ್ ಸುಮಾರು 3 ನ್ಯೂಟನ್ ಮೀಟರ್, ಗೊತ್ತೇ ಆಗಲ್ಲ. ಅದೇ 800 ಆರ್‌ಪಿಎಂನಲ್ಲಿ ಸುಮಾರು 12. ಇದರ ಮೇಲೆ ಕಂಪ್ರೆಸರ್ ಇನ್ನೊಂದೆರಡು ಕಿಲೋವ್ಯಾಟ್ ಕೇಳಿದರೆ ಅದು ಬೇರೆ. ಥ್ರಾಟಲ್ ಬಹುತೇಕ ಮುಚ್ಚಿಕೊಂಡು, ತನ್ನನ್ನ ತಾನು ತಿರುಗಿಸಿಕೊಳ್ಳೋಕೆ ಬೇಕಾದಷ್ಟೇ ಪೆಟ್ರೋಲ್ ಕುಡೀತಾ ಇರೋ ಇಂಜಿನ್ ಮೇಲೆ ಈ ಲೋಡ್ ಒಮ್ಮೆಲೇ ಬೀಳುತ್ತೆ. ಹೈವೇಯಲ್ಲಿ ಕಾಣದ ತೊಂದರೆ ಸಿಗ್ನಲ್ಲಲ್ಲಿ, ಘಾಟಿಯಲ್ಲಿ ನಿಂತಾಗ ಮಾತ್ರ ಕಾಣೋದು ಇದಕ್ಕೇ.

ಇದನ್ನ ಸರಿದೂಗಿಸೋ ಕೆಲಸ ಇಸಿಯುದು. ಎಸಿ ಕೇಳಿದ ಸಿಗ್ನಲ್ ಬಂದಾಗ ಅದು ಕಂಪ್ರೆಸರ್ ಕ್ಲಚ್ ಹಿಡಿಯೋ ಮೊದಲೇ ಸ್ವಲ್ಪ ಹೆಚ್ಚು ಗಾಳಿ ಬಿಟ್ಟು ಸಿದ್ಧವಾಗುತ್ತೆ. ಹಳೆಯ ಕಾರುಗಳಲ್ಲಿ ಇದಕ್ಕೆ ಐಡಲ್ ಏರ್ ಕಂಟ್ರೋಲ್ ವಾಲ್ವ್, ಹೊಸದರಲ್ಲಿ ಎಲೆಕ್ಟ್ರಾನಿಕ್ ಥ್ರಾಟಲ್. ಗಾಳಿ ಮ್ಯಾನಿಫೋಲ್ಡ್ ತುಂಬಿ ಸಿಲಿಂಡರ್ ತಲುಪೋಕೆ ಹೊತ್ತು ಬೇಕು. ಅಷ್ಟರಲ್ಲಿ ಸ್ಪಾರ್ಕ್ ಸಮಯವನ್ನ ಸ್ವಲ್ಪ ಮುಂದಕ್ಕೆ ತಂದರೆ ಟಾರ್ಕ್ ತಕ್ಷಣ ಸಿಗುತ್ತೆ. ಅದಕ್ಕಾಗಿಯೇ ಐಡ್ಲಿಂಗ್‌ನಲ್ಲಿ ಸ್ಪಾರ್ಕನ್ನ ಬೇಕಂತಲೇ ತಡವಾಗಿ ಇಟ್ಟುಕೊಂಡಿರುತ್ತೆ. ಒಂಥರಾ ತುರ್ತು ಖರ್ಚಿಗೆ ಎತ್ತಿಟ್ಟ ದುಡ್ಡು.

ಇದೆಲ್ಲ ಸರಿ ಇದ್ದರೆ ಮುಳ್ಳು ಒಂದಿಷ್ಟು ಅಲುಗಿ ನಿಲ್ಲುತ್ತೆ. ಸರಿ ಇಲ್ಲದಿದ್ದರೆ? ಥ್ರಾಟಲ್ ತಟ್ಟೆಯ ಸುತ್ತ ಮಸಿ ಕಟ್ಟಿದ್ದರೆ ಇಸಿಯು ಅಂದುಕೊಂಡಷ್ಟು ಗಾಳಿ ಒಳಗೆ ಹೋಗಲ್ಲ. ಎಲ್ಲೋ ಒಂದು ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತೆ. ಆಗ ಇಸಿಯು ತಡವಾಗಿ ತಿದ್ದುತ್ತೆ, ಜಾಸ್ತಿ ತಿದ್ದುತ್ತೆ, ಆಮೇಲೆ ಆ ಜಾಸ್ತಿಯನ್ನ ತಿದ್ದೋಕೆ ಹೋಗುತ್ತೆ. ಮುಳ್ಳು ಉಯ್ಯಾಲೆ ಆಡುತ್ತೆ. ಇಂಜಿನಿಯರ್‌ಗಳು ಇದನ್ನ ಹಂಟಿಂಗ್ ಅಂತಾರೆ. ಜೇಮ್ಸ್ ವಾಟ್ 1788ರಲ್ಲಿ ಸ್ಟೀಮ್ ಇಂಜಿನ್‌ಗೆ ತಿರುಗೋ ಗುಂಡುಗಳ ಗವರ್ನರ್ ಅಳವಡಿಸಿದ ಮೇಲೆ, ಅಂಥ ಗವರ್ನರ್‌ಗಳಲ್ಲಿ ಇಂಜಿನಿಯರ್‌ಗಳನ್ನ ಕಾಡಿದ್ದೂ ಇದೇ ಕಾಯಿಲೆ. 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರ್‌ಗಳ ಬಗ್ಗೆ ಬರೆದ ಪ್ರಬಂಧ ಕಂಟ್ರೋಲ್ ಥಿಯರಿಗೆ ಬುನಾದಿ ಹಾಕಿದ ಬರಹಗಳಲ್ಲಿ ಒಂದು. ನಾವು ಸ್ಟೆಬಿಲಿಟಿ ಅಂತ ಬೋರ್ಡ್ ಮೇಲೆ ಬಿಡಿಸೋ ಸಮೀಕರಣಕ್ಕೂ ಘಾಟಿಯಲ್ಲಿ ನಡುಗೋ ಸ್ಟೇರಿಂಗ್‌ಗೂ ರಕ್ತಸಂಬಂಧ ಇದೆ. ಆದರೆ ಪಾಠ ಮಾಡುವಾಗ ಈ ಸಂಬಂಧವನ್ನ ಯಾರೂ ಪರಿಚಯ ಮಾಡಿಕೊಡಲ್ಲ.

ಹಾಗಾದರೆ ಕಾರಣ ಹುಡುಕೋದು ಹೇಗೆ? ಇಲ್ಲೇ ನಮಗೆ ಗ್ಯಾರೇಜ್ ಸಂಸ್ಕೃತಿಯ ಮೇಲೂ ನಮ್ಮ ಮೇಲೂ ಸ್ವಲ್ಪ ಸಿಟ್ಟಿದೆ. ಸಾಮಾನ್ಯವಾಗಿ ನಡೆಯೋದು ಹೀಗೆ: ಮೊದಲು ಸ್ಪಾರ್ಕ್ ಪ್ಲಗ್, ಆಮೇಲೆ ಬ್ಯಾಟರಿ, ಆಮೇಲೆ ಆಲ್ಟರ್ನೇಟರ್. ಒಂದೊಂದೇ ಬದಲಿಸ್ತಾ ಹೋಗೋದು, ಯಾವುದಾದರೂ ಒಂದಕ್ಕೆ ಸರಿಹೋಗುತ್ತೆ ಅನ್ನೋ ನಂಬಿಕೆ. ದುಡ್ಡು ಮಾತ್ರ ಎಲ್ಲದಕ್ಕೂ ಹೋಗುತ್ತೆ. ಮೆಕ್ಯಾನಿಕ್ ಅಣ್ಣಂದಿರನ್ನ ಬೈಯೋಕೆ ಇದನ್ನ ಬರೀತಿಲ್ಲ. ಬರೀ ಶಬ್ದ ಕೇಳಿ ಕಾಯಿಲೆ ಹೇಳೋ ಅವರ ಕಿವಿ ನಮಗಿಲ್ಲ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಅನ್ನೋದು ನಾವು ಲ್ಯಾಬ್ ರೆಕಾರ್ಡಲ್ಲಿ ಬರೆಯೋ ಮೊದಲ ಪಾಠ. ಅದನ್ನ ಕಾರಿನ ಹತ್ತಿರ ಹೋದಾಗ ಮರೀತೀವಿ.

ಬಯಲಲ್ಲಿ ಕಾರು ನಿಲ್ಲಿಸಿ, ಮುಚ್ಚಿದ ಗ್ಯಾರೇಜಲ್ಲಿ ಬೇಡ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ತಂದು, ಇಂಜಿನ್ ಬಿಸಿಯಾಗೋವರೆಗೆ ಕಾಯಿರಿ. ಬಾನೆಟ್ ತೆಗೆದಿದ್ದರೆ ಬೆಲ್ಟ್, ಫ್ಯಾನ್ ಹತ್ತಿರ ಕೈ ಬೇಡ. ಆಮೇಲೆ ಸ್ವಿಚ್‌ಗಳನ್ನ ಒಂದೊಂದಾಗಿ ಹಾಕಿ ನೋಡಿ.

ಮೊದಲು ಹಿಂದಿನ ಡಿಫಾಗರ್ ಮಾತ್ರ. ಇದು ಬರೀ ಎಲೆಕ್ಟ್ರಿಕಲ್ ಲೋಡ್. ಇದಕ್ಕೇ ಮುಳ್ಳು ಜೋರಾಗಿ ಬಿದ್ದು ಲೈಟ್ ಮಂಕಾದರೆ ಆಲ್ಟರ್ನೇಟರ್, ಬೆಲ್ಟ್, ಬ್ಯಾಟರಿ, ಅರ್ತ್ ಕನೆಕ್ಷನ್ ಕಡೆ ನೋಡಬೇಕು. ಅದನ್ನ ಆಫ್ ಮಾಡಿ ಎಸಿ ಮಾತ್ರ. ಈಗ ಗಡಿಯಾರ ಹಿಡಿದು ಕಂಪ್ರೆಸರ್ ಕ್ಲಚ್‌ನ "ಟಕ್" ಶಬ್ದ ಕೇಳಿ. ಆ ಶಬ್ದದ ಜೊತೆಗೇ ಮುಳ್ಳು ಸ್ವಲ್ಪ ಅಲುಗಿ ನಿಂತರೆ ಅದು ಸಹಜ, ಎವಾಪೊರೇಟರ್ ಹೆಪ್ಪುಗಟ್ಟದಿರಲಿ ಅಂತ ಕಂಪ್ರೆಸರ್ ಆಗಾಗ ಬಿಡುವು ತಗೊಳ್ಳುತ್ತೆ. ಕೆಲವೇ ಸೆಕೆಂಡಿಗೊಮ್ಮೆ ಟಕ್ ಟಕ್ ಅಂತಿದ್ದರೆ ಗ್ಯಾಸ್ ಕಮ್ಮಿ ಇರಬಹುದು. ಟಕ್ ಶಬ್ದವೇ ಇಲ್ಲದೆ ಮುಳ್ಳು ಮೇಲೆ ಕೆಳಗೆ ಆಡ್ತಾನೇ ಇದ್ದರೆ ಅದು ಹಂಟಿಂಗ್, ಥ್ರಾಟಲ್ ಬಾಡಿ ಮತ್ತು ಗಾಳಿ ಸೋರಿಕೆ ನೋಡಬೇಕು. ಕೊನೆಗೆ ಎಲ್ಲ ಒಟ್ಟಿಗೆ. ಒಂದೊಂದಾಗಿ ಸರಿ ಇದ್ದು ಒಟ್ಟಿಗೆ ಮಾತ್ರ ತಡವರಿಸಿದರೆ ಎಲ್ಲೋ ಒಂದು ಕಡೆ ಶಕ್ತಿ ಅಂಚಿನಲ್ಲಿದೆ ಅಂತ ಅರ್ಥ. ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ ಸಣ್ಣ ರೀಡರ್ ಹಾಕಿದರೆ ಆರ್‌ಪಿಎಂ, ಫ್ಯುಯಲ್ ಟ್ರಿಮ್, ಥ್ರಾಟಲ್ ಸ್ಥಾನ ಎಲ್ಲ ಮೊಬೈಲಲ್ಲೇ ಕಾಣುತ್ತೆ. ಗ್ರಾಫ್ ಬಿಡಿಸೋಕೆ ಕಂಪ್ಯೂಟರ್ ಸೈನ್ಸ್‌ನವರಿಗೆ ಹತ್ತು ನಿಮಿಷ ಸಾಕು.

ಇಷ್ಟಕ್ಕೆ ಬೇಕಾಗಿದ್ದು ಮೂರ್ನಾಲ್ಕು ಸ್ವಿಚ್, ಒಂದು ಗಡಿಯಾರ, ನಾಲ್ಕು ಬ್ರಾಂಚ್. ಯಾವ ಬ್ರಾಂಚನ್ನ ತೆಗೆದರೂ ಉತ್ತರ ಅರ್ಧ.

"ಇನ್ನೇನು ಇವಿ ಬರ್ತಿದೆ, ಐಡ್ಲಿಂಗೇ ಇರಲ್ಲ, ಇದನ್ನೆಲ್ಲ ಯಾಕೆ ಕಲೀಬೇಕು" ಅಂತ ಕೇಳೋರಿದ್ದಾರೆ. ಇವಿಯಲ್ಲಿ ಐಡ್ಲಿಂಗ್ ಇರಲ್ಲ, ನಿಜ. ಆದರೆ ಗಾಜಿಗೆ ಇಬ್ಬನಿ ಕೂರೋದು ನಿಲ್ಲಲ್ಲ. ಪೆಟ್ರೋಲ್ ಕಾರಲ್ಲಿ ಬಿಸಿ ಪುಕ್ಕಟೆ, ಇಂಜಿನ್ ಚೆಲ್ಲೋ ಶಾಖವೇ ಸಾಕು. ಇವಿಯಲ್ಲಿ ಆ ಶಾಖಕ್ಕೂ ಬ್ಯಾಟರಿಯಿಂದಲೇ ಕೊಡಬೇಕು, ಅಂದ್ರೆ ರೇಂಜ್‌ನಿಂದಲೇ. ಲೋಡ್ ಎಲ್ಲೂ ಹೋಗಲ್ಲ, ಬಿಲ್ ಯಾರು ಕಟ್ತಾರೆ ಅನ್ನೋದು ಬದಲಾಗುತ್ತೆ ಅಷ್ಟೇ. ಅಲ್ಲದೆ ಈಗ ರಸ್ತೆಯಲ್ಲಿರೋ ಪೆಟ್ರೋಲ್ ಕಾರುಗಳು ನಾಳೆ ಬೆಳಿಗ್ಗೆ ಮಾಯ ಆಗಲ್ಲ. ನಮ್ಮ ಮನೆಯವರು ಮುಂದಿನ ಮಳೆಗಾಲಕ್ಕೂ ಅದರಲ್ಲೇ ಘಾಟಿ ಇಳೀತಾರೆ.

"ಇದು ಮೆಕ್ಯಾನಿಕ್ ಕೆಲಸ, ಇಂಜಿನಿಯರ್‌ದಲ್ಲ" ಅನ್ನೋರೂ ಇದ್ದಾರೆ. ಆ ಇಸಿಯು ಒಳಗೆ ಎಷ್ಟು ಗಾಳಿ ಬಿಡಬೇಕು, ಎಷ್ಟು ಬೇಗ ತಿದ್ದಬೇಕು ಅಂತ ಬರೆದದ್ದು ಇಂಜಿನಿಯರ್‌ಗಳೇ. ವಾಹನಗಳ ಸಾಫ್ಟ್‌ವೇರ್ ಬರೆಯೋ ದೊಡ್ಡ ಕಂಪನಿಗಳ ಆಫೀಸ್‌ಗಳು ನಮ್ಮ ಬೆಂಗಳೂರಲ್ಲೇ ಇವೆ. ಪ್ಲೇಸ್‌ಮೆಂಟ್‌ಗೆ ಅಲ್ಲಿಗೆ ಹೋಗೋಕೆ ನಮಗೆಲ್ಲ ಆಸೆ, ಆ ಕೋಡ್ ಹಿಡಿದು ನಿಲ್ಲಿಸೋ ಇಂಜಿನ್ ಹತ್ತಿರ ಹೋಗೋಕೆ ಮಾತ್ರ ಸಂಕೋಚ.

ಹಾಗಾಗಿ ಕಾಲೇಜಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ಇಂಜಿನ್ ಲ್ಯಾಬಲ್ಲಿ ಅಡ್ಡ ಕೊಯ್ದು ಬಣ್ಣ ಬಳಿದಿಟ್ಟ ಇಂಜಿನ್ ನೋಡಿ ಸಾಕಾಗಿದೆ. ಅದು ಯಾವತ್ತೂ ತಡವರಿಸಲ್ಲ, ಯಾಕಂದ್ರೆ ಯಾವತ್ತೂ ಓಡಲ್ಲ. ಬದಲಿಗೆ ಓಡೋ ಸ್ಥಿತಿಯಲ್ಲಿರೋ, ಎಸಿ ಇರೋ ಒಂದು ಹಳೇ ಪೆಟ್ರೋಲ್ ಕಾರು ಕೊಡಿ. ಸೆಮಿಸ್ಟರ್‌ಗೆ ಒಂದೇ ಒಂದು ಶನಿವಾರ ಬಿಡಿ. ಪ್ರತಿ ಗುಂಪಲ್ಲಿ ನಾಲ್ಕು ಬ್ರಾಂಚ್‌ನಿಂದ ಒಬ್ಬೊಬ್ಬರು ಇರಲಿ. ಊರಿನ ಒಬ್ಬ ಒಳ್ಳೆ ಮೆಕ್ಯಾನಿಕ್ಕನ್ನ ಗೌರವಧನ ಕೊಟ್ಟು ಕರೆಸಿ, ಅವರ ಕಿವಿ ಮತ್ತು ನಮ್ಮ ಗ್ರಾಫ್ ಎರಡೂ ಒಂದೇ ಉತ್ತರ ಹೇಳ್ತಾವಾ ನೋಡೋಣ. ಆ ದಿನದ ಮಾತುಕತೆ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಟಾರ್ಕ್ ಅಂದ್ರೆ ಸೂತ್ರ ಗೊತ್ತು, ಗ್ಯಾರೇಜಲ್ಲಿ ನಿಂತು ಮಾತಾಡೋಕೆ ಬಾಯಿ ಬರಲ್ಲ. ಅದೂ ಕಲಿಯಬೇಕಾದ್ದೇ.

ಕಾರು ಸಿಗೋವರೆಗೆ ಒಂದು ಮಾತು ಮನೆಯಲ್ಲಿ ಹೇಳಿ: ಗಾಜು ಮುಸುಕಿದಾಗ ಡಿಫ್ರಾಸ್ಟರ್ ಆಫ್ ಮಾಡಬೇಡಿ, ಹೊರಗಿನ ಗಾಳಿ ಒಳಗೆ ಬರೋ ಹಾಗೆ ಇಡಿ. ಬೇಕಿದ್ದರೆ ಹಿಂದಿನ ಗಾಜು ತಿಳಿಯಾದ ಮೇಲೆ ಅದರ ಡಿಫಾಗರ್ ಮಾತ್ರ ಆಫ್ ಮಾಡಿ ಲೋಡ್ ಇಳಿಸಿ. ಇಂಜಿನ್ ತೀರಾ ತಡವರಿಸಿದರೆ ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ. ಊರು ತಲುಪಿದ ಮೇಲೆ, ಯಾವುದೇ ಪಾರ್ಟ್ ಬದಲಿಸೋಕೆ ಮೊದಲು, ಸ್ವಿಚ್‌ಗಳನ್ನ ಒಂದೊಂದಾಗಿ ಹಾಕಿ ನೋಡಿ.