ಹಳೆಯ ದುರ್ಬೀನನ್ನು ಹಗಲಿನಲ್ಲಿ ಕೊಳ್ಳಬೇಕು

ಜೋಗಿಮಟ್ಟಿಯ ನೆತ್ತಿಯ ಮೇಲೆ ನಿಂತವನಿಗೆ ಕಣ್ಣು ಸೋಲುವವರೆಗೂ ಬಯಲುಸೀಮೆ ಅಡ್ಡಿಯಿಲ್ಲದೆ ಹಬ್ಬಿ ಕಾಣುವುದರಿಂದ, ಚಿತ್ರದುರ್ಗದ ಕಡೆಯವರಿಗೆ ದುರ್ಬೀನು ವಿಲಾಸದ ವಸ್ತುವಲ್ಲ, ತಮ್ಮ ನೆಲವನ್ನು ಅರಿಯುವ ಸಾಧನವೆಂದು ನಾನು ಬಹುಕಾಲದಿಂದ ನಂಬಿದ್ದೇನೆ. 1933ರಲ್ಲಿ ಕೋಡಿ ಬಿದ್ದಿದ್ದ ವಾಣೀವಿಲಾಸ ಸಾಗರ 89 ವರ್ಷಗಳ ತರುವಾಯ, 2022ರಲ್ಲಿ, ಮತ್ತೆ ತುಂಬಿ ಹರಿದಾಗ ಹಿರಿಯೂರಿನ ಮಾರಿಕಣಿವೆಗೆ ಜನ ತಂಡೋಪತಂಡವಾಗಿ ಬಂದು ಆ ಜಲರಾಶಿಯನ್ನು ಕಣ್ತುಂಬ ನೋಡಿದರು. ಆದರೆ ನಡುನೀರಿನಲ್ಲಿ ತೇಲುವ ಹಕ್ಕಿ ಬರಿಗಣ್ಣಿಗೆ ಕರಿಯ ಚುಕ್ಕೆ ಮಾತ್ರ.

ಉತ್ತಮವಾದ ಹೊಸ ದುರ್ಬೀನಿನ ಬೆಲೆ ಶಾಲೆಯ ಉಪಾಧ್ಯಾಯರಿಗಾಗಲಿ, ಹೊಳಲ್ಕೆರೆಯ ಸಣ್ಣ ಅಡಿಕೆ ತೋಟದವರಿಗಾಗಲಿ ಎಟುಕುವಂಥದಲ್ಲವಾದುದರಿಂದ, ಒಬ್ಬರು ಬಳಸಿದುದನ್ನು ಇನ್ನೊಬ್ಬರು ಕೊಳ್ಳುವುದೇ ವಿವೇಕ. ಆ ವಿವೇಕದೊಡನೆ ಎಚ್ಚರವೂ ಇರಬೇಕೆಂಬುದನ್ನು ನಾನು ನಷ್ಟಪಟ್ಟು ಕಲಿತೆ. ಒಂದು ಸಂಜೆ ದೀಪದ ಬೆಳಕಿನಲ್ಲಿ, ಮಾರುವವನ ಮಾತನ್ನು ನಂಬಿ ಕೊಂಡ ದುರ್ಬೀನನ್ನು ಮರುದಿನ ಬೆಟ್ಟದ ಗಾಳಿಯಂತ್ರದತ್ತ ಹಿಡಿದರೆ ಒಂದೇ ಕಂಬ ಎರಡಾಗಿ ಕಂಡಿತು. ಅರ್ಧ ಗಂಟೆಯಲ್ಲಿ ತಲೆನೋವು ಹತ್ತಿತು. ಎಂದೋ ಕೆಳಗೆ ಬಿದ್ದು ಒಳಗಿನ ಪಟ್ಟಕ ಸ್ಥಾನಪಲ್ಲಟವಾಗಿತ್ತು. ದೂರದ ಮಾಳಿಗೆಯ ಅಂಚನ್ನು ನೋಡುತ್ತ, ದುರ್ಬೀನನ್ನು ಮೆಲ್ಲನೆ ಕಣ್ಣಿನಿಂದ ಹಿಂದೆ ಸರಿಸಿದಾಗ ಎರಡು ಬಿಂಬಗಳಲ್ಲಿಯೂ ಆ ರೇಖೆ ಒಂದೇ ಎತ್ತರದಲ್ಲಿ ನಿಂತಿದೆಯೇ ಎಂದು ಪರೀಕ್ಷಿಸಿದ್ದರೆ ದೋಷ ಅಲ್ಲಿಯೇ ತಿಳಿಯುತ್ತಿತ್ತು.

ಬೂಷ್ಟಿನ ವಿಷಯ ಇದಕ್ಕಿಂತ ಗಂಭೀರ. ನಮ್ಮ ಒಣಹವೆಯಲ್ಲಿ ಅದು ಸುಲಭವಾಗಿ ಹುಟ್ಟದಾದರೂ, ಮಲೆನಾಡಿನ ಮಳೆಗಾಲಗಳನ್ನು ಕಂಡು ಬಂದ ದುರ್ಬೀನಿನೊಳಗೆ ಜೇಡರ ಬಲೆಯಂತೆ ಹಬ್ಬಿರುವುದುಂಟು. ಮುಂದಿನ ಮಸೂರದಿಂದ ಟಾರ್ಚು ಬಿಟ್ಟು ಓರೆಯಾಗಿ ನೋಡಿದರೆ ಅದು ಕಾಣುತ್ತದೆ. ಗಾಜಿನ ಲೇಪವನ್ನು ಒಮ್ಮೆ ಅದು ಕೊರೆದ ಮೇಲೆ ಒರೆಸಿ ಪ್ರಯೋಜನವಿಲ್ಲ.

ಹೆಚ್ಚು ಪಟ್ಟು ದೊಡ್ಡದಾಗಿ ತೋರಿಸುವುದೇ ಶ್ರೇಷ್ಠವೆಂಬ ಭ್ರಮೆಯೂ ಪ್ರಬಲವಾಗಿದೆ. ಇಪ್ಪತ್ತು ಪಟ್ಟು ಹಿಗ್ಗಿಸುವ ದುರ್ಬೀನು ಕೈಯ ನಡುಕವನ್ನೂ ಇಪ್ಪತ್ತು ಪಟ್ಟು ಹಿಗ್ಗಿಸುತ್ತದೆ. ಅದರ ಮಸೂರ 50 ಮಿ.ಮೀ. ಇದ್ದರೂ ಕಣ್ಣಿಗೆ ಒದಗುವ ಬೆಳಕಿನ ಬಿಲ್ಲೆ 2.5 ಮಿ.ಮೀ. ಮಾತ್ರ, 8×42ರಲ್ಲಿ, ಎಂದರೆ ಎಂಟು ಪಟ್ಟು ಹಿಗ್ಗಿಸುವ 42 ಮಿ.ಮೀ. ಮಸೂರದ ದುರ್ಬೀನಿನಲ್ಲಿ, ಅದು 5.25 ಮಿ.ಮೀ. ಮುಸ್ಸಂಜೆಯಲ್ಲಿ ಕೆರೆಗೆ ಇಳಿಯುವ ಹಕ್ಕಿಯನ್ನು ಗುರುತಿಸಲು ಈ ವ್ಯತ್ಯಾಸವೇ ಮುಖ್ಯ.

ಆದುದರಿಂದ ಹಗಲಿನಲ್ಲಿ, ಬಯಲಿನಲ್ಲಿ ನೋಡಲು ಬಿಡದವನಿಂದ ಯಾರೂ ಕೊಳ್ಳಕೂಡದು. ಹೊಸದುರ್ಗದ ಪ್ರೌಢಶಾಲೆಯೊಂದು ಹೀಗೆ ಪರೀಕ್ಷಿಸಿದ ಹಳೆಯ 8×42 ಒಂದನ್ನು ಕೊಂಡು, ಸೂರ್ಯನತ್ತ ಎಂದಿಗೂ ತಿರುಗಿಸಕೂಡದೆಂದು ಕಲಿಸಿ ಮಕ್ಕಳ ಕೈಗಿತ್ತರೆ, ದಿನವೂ ದಾಟುವ ಕೆರೆಯಂಗಳದಲ್ಲಿ ಯಾವ ಯಾವ ಹಕ್ಕಿಗಳಿವೆಯೆಂದು ಅವರೇ ಬರೆದಿಟ್ಟಾರು.