ಕವಾಟಕ್ಕೆ ದಶಕ, ಸಂಶೋಧಕರಿಗೆ ಐದೇ ವರ್ಷ

ಕೇಂದ್ರ ಸರಕಾರವು 2023ರಲ್ಲಿ ಕಿರಿಯ ಸಂಶೋಧಕರ ಮಾಸಿಕ ವೇತನವನ್ನು 31,000 ರೂ.ಗಳಿಂದ 37,000ಕ್ಕೆ ಏರಿಸಿದಾಗ ನಾವೂ ಸಂತೋಷಪಟ್ಟೆವು. ಆದರೆ ಹಣ ಕೈಸೇರಲು ತಿಂಗಳುಗಟ್ಟಲೆ ತಡವಾಗುತ್ತದೆಂಬ ದೂರು ಆ ಬಳಿಕವೂ ಕೇಳಿಬಂದಿದೆ. ಅದಕ್ಕಿಂತ ದೊಡ್ಡದು ಅವಧಿಯ ಪ್ರಶ್ನೆ. ಸಾಮಾನ್ಯವಾಗಿ ಈ ವೇತನ ಐದು ವರ್ಷಕ್ಕೆ ಮುಗಿಯುತ್ತದೆ. ವೈದ್ಯಕೀಯ ಉಪಕರಣವೊಂದು ಅಷ್ಟರಲ್ಲಿ ರೋಗಿಯ ಬಳಿಗೆ ಬಂದೀತೇ?

ನಮ್ಮ ರಾಜ್ಯದ ರಾಜಧಾನಿಯನ್ನೇ ನೋಡೋಣ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ಕೃತಕ ಹೃದಯ ಕವಾಟಕ್ಕಾಗಿ ದಶಕಕ್ಕೂ ಮಿಕ್ಕಿ ದುಡಿದರು. ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ರೋಗಿಗೆ ಜೋಡಿಸಲಾಯಿತು. ನಿಮಿಷಕ್ಕೆ 72 ಬಡಿತವೆಂದರೂ ಕವಾಟ ವರ್ಷಕ್ಕೆ 3 ಕೋಟಿ 78 ಲಕ್ಷ ಬಾರಿ ತೆರೆದು ಮುಚ್ಚಬೇಕು. ಲೋಹದ ಚೌಕಟ್ಟಿನೊಳಗಿನ ಪ್ಲಾಸ್ಟಿಕ್ ಬಿಲ್ಲೆ ಸವೆಯಬಾರದು, ರಕ್ತ ಹೆಪ್ಪುಗಟ್ಟಬಾರದು. ಸಂಧಿವಾತ ಜ್ವರದಿಂದ ಹೃದಯ ಕೆಟ್ಟ ಬಡವರಿಗೆ ಆಮದು ಕವಾಟ ಎಟುಕದ ಕಾಲವದು. (ಇದೇ ವಲಿಯತ್ತಾನರು ಮುಂದೆ, ನಮ್ಮವರು ಔಷಧೋಪಚಾರಕ್ಕೆ ಹೋಗುವ ಮಣಿಪಾಲಕ್ಕೆ ಉಪಕುಲಪತಿಗಳಾಗಿ ಬಂದರು.)

ಇಂದು ಇಂತಹ ಪ್ರಯೋಗಾಲಯಗಳಲ್ಲಿ ದಿನನಿತ್ಯದ ಪರೀಕ್ಷೆಗಳ ಭಾರ ಬಹುಮಟ್ಟಿಗೆ ಪಿಎಚ್.ಡಿ. ವಿದ್ಯಾರ್ಥಿಗಳ ಹೆಗಲ ಮೇಲಿದೆ. ಮಾದರಿ ಏಕೆ ಸೋತಿತೆಂಬುದನ್ನು ಬಲ್ಲವರು ಅವರೇ. ಐದನೆಯ ವರ್ಷ ಅವರು ಬೇರೆ ಕೆಲಸ ಹುಡುಕಿ ಹೊರಟರೆ ಆ ಅರಿವೂ ಹೊರಡುತ್ತದೆ. ಉಪಕರಣ ಪೂರ್ಣಗೊಳ್ಳುವವರೆಗೆ ಅವರನ್ನು ಉಳಿಸಿಕೊಳ್ಳುವ ಹುದ್ದೆಗಳನ್ನು ಸರಕಾರ ನಿರ್ಮಿಸಬೇಕೆಂಬುದು ನಮ್ಮ ಅಭಿಪ್ರಾಯ. ವೇತನವಂತೂ ತಿಂಗಳು ತಪ್ಪದೆ ಸಿಗಲಿ. ಕನ್ನಡ ಮಾಧ್ಯಮದಲ್ಲಿ ಕಲಿತು ವಿಜ್ಞಾನಕ್ಕೆ ಹೋಗುವ ನಮ್ಮ ಹುಡುಗಿಯರ ಮನೆಗಳಲ್ಲಿ, ಆರು ತಿಂಗಳು ವೇತನವಿಲ್ಲದೆ ಕಾಯುವ ಶಕ್ತಿ ಎಷ್ಟು ಮಂದಿಗಿದೆ?