ಹನ್ನೊಂದನೆಯ ಕ್ಯಾಸೆಟ್ ನನ್ನದಲ್ಲ

ಕಳೆದ ಬೇಸಿಗೆ ರಜೆಯಲ್ಲಿ ಹರಿಹರದ ನಮ್ಮ ಹಳೆಯ ಮನೆಗೆ ಸುಣ್ಣ ಬಣ್ಣ ಮಾಡಿಸಿದೆವು. ಅಟ್ಟ ಖಾಲಿ ಮಾಡುವಾಗ ಅಮ್ಮ ಒಂದು ತಗಡಿನ ಬಿಸ್ಕತ್ ಡಬ್ಬಿ ಕೆಳಗಿಳಿಸಿ, "ಇದು ನಿನ್ನ ಆಸ್ತಿ. ಇಟ್ಕೊಳ್ತೀಯೋ, ಗುಜರಿಗೆ ಹಾಕಲೋ?" ಎಂದು ಕೇಳಿದರು. ತೆರೆದರೆ ಒಳಗೆ ಹನ್ನೊಂದು ವಿಡಿಯೊ ಗೇಮ್ ಕ್ಯಾಸೆಟ್‌ಗಳು. ಆಗ ಅಂಗಡಿಯವರೂ ನಾವೂ ಅವನ್ನು ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. ಕಾರ್ಟ್ರಿಜ್ ಎಂಬ ಸರಿಯಾದ ಹೆಸರು ನನಗೆ ಗೊತ್ತಾದದ್ದು ಡಿಗ್ರಿಗೆ ಸೇರಿದ ಮೇಲೆ.

ನಿಮ್ಮಲ್ಲಿ ಬಹಳ ಮಂದಿ ಇವನ್ನು ಕಣ್ಣಾರೆ ನೋಡಿರಲಿಕ್ಕಿಲ್ಲ. ಅಂಗೈ ಅಗಲದ ಹಳದಿ ಪ್ಲಾಸ್ಟಿಕ್ ಪೆಟ್ಟಿಗೆ, ಕೆಳಬದಿಯಲ್ಲಿ 60 ಪಿನ್ನುಗಳ ಸಾಲು, ಮೇಲೆ ಮೀಸೆ ಹೊತ್ತ ಮಾರಿಯೊನ ಚಿತ್ರ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಲಿ ಕಂಪ್ಯೂಟರ್ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದನ್ನು ವಿನ್ಯಾಸ ಮಾಡಿದವರು ಮಸಯುಕಿ ಉಎಮುರಾ ಎಂಬ ಎಂಜಿನಿಯರ್. ನಮ್ಮ ಊರುಗಳಿಗೆ ತಲುಪಿದ್ದು ಹೆಚ್ಚಾಗಿ ಅದರ ನಕಲುಗಳು. ಟರ್ಮಿನೇಟರ್, ಲಿಟ್ಲ್ ಮಾಸ್ಟರ್ ಎಂಬ ಹೆಸರುಗಳು ನಿಮ್ಮ ಅಣ್ಣಂದಿರಿಗೋ ಮಾಮುಗಳಿಗೋ ಇನ್ನೂ ನೆನಪಿರಬಹುದು. ಆ ಯಂತ್ರದ ಮುಖ್ಯ ಮೆಮೊರಿ ಬರೀ 2 ಕಿಲೊಬೈಟ್. 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟ ಇಡಿಯಾಗಿ 40 ಕಿಲೊಬೈಟ್. ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಬೀಳುವ ಒಂದು ಗುಡ್ ಮಾರ್ನಿಂಗ್ ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು.

ಒಂದೊಂದು ಕ್ಯಾಸೆಟ್ಟಿನ ಹಿಂದೆಯೂ ಒಂದೊಂದು ಹಬ್ಬದ ಈದಿ ಇತ್ತು. ಎರಡು ಈದಿನ ದುಡ್ಡು ಕೂಡಿಸಿ, ಅಬ್ಬಾ ಜೊತೆ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ, ಅಶೋಕ ರಸ್ತೆಯ ರೈಲ್ವೆ ಗೇಟ್ ತೆರೆಯುವುದನ್ನು ಕಾದು, ಆಚೆ ಕಡೆಯ ಅಂಗಡಿಯಲ್ಲಿ ಒಂದನ್ನು ಆರಿಸಿ ತರುವುದು. ಆ ದಿನ ಮಂಡಕ್ಕಿ ಮಿರ್ಚಿಗೆ ದುಡ್ಡು ಉಳಿಯುತ್ತಿರಲಿಲ್ಲ.

ಅದರಲ್ಲಿ ಒಂದರ ಮೇಲೆ "9999999 ಇನ್ 1" ಎಂದು ಅಚ್ಚಾಗಿತ್ತು. ಸುಮಾರು ಒಂದು ಕೋಟಿ ಆಟ! ಮನೆಗೆ ತಂದು ಪಟ್ಟಿಯನ್ನು ಒಂದೊಂದೇ ತೆರೆದು ನೋಡಿದೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದೇ ಬೇರೆ ಹೆಸರಿನಲ್ಲಿ ತಿರುಗಿ ಬಂತು. ಮಾರಿಯೊ ಒಂದು ಕಡೆ ಮೊದಲ ಹಂತದಿಂದ, ಇನ್ನೊಂದು ಕಡೆ ಮೂರನೆಯ ಹಂತದಿಂದ ಓಡುತ್ತಿದ್ದ, ಅಷ್ಟೇ. ಅಂಗಡಿಗೆ ವಾಪಸ್ ಕೊಡೋಣ ಎಂದರೆ ಅಬ್ಬಾ ನಕ್ಕು, "ಎಣಿಸೋದು ಕಲಿತೆಯಲ್ಲ, ಫೀಸು ಅಂದ್ಕೋ" ಎಂದಿದ್ದರು. ಪ್ರತಿ ಕಾಲಕ್ಕೂ ಅದರದೇ ಆದ ಸುಳ್ಳು ಲೇಬಲ್ ಇರುತ್ತದೆ. ನಮ್ಮ ಕಾಲದ್ದು "9999999 ಇನ್ 1", ನಿಮ್ಮ ಕಾಲದ್ದು "ಫ್ರೀ".

ಇಷ್ಟು ಹೇಳಿದರೆ ಇದೊಂದು ಸಿಹಿ ನೆನಪಿನ ಲೇಖನವಾಗಿ ಮುಗಿಯುತ್ತಿತ್ತು. ಆದರೆ ಡಬ್ಬಿಯ ತಳದಲ್ಲಿದ್ದ ಹನ್ನೊಂದನೆಯ ಕ್ಯಾಸೆಟ್ ನನ್ನದಲ್ಲ.

ಎಲ್ಲ ಕ್ಯಾಸೆಟ್‌ಗಳೂ ಒಂದೇ ರೀತಿ ಕಾಣುತ್ತಿದ್ದುದರಿಂದ ನಾವು ಹುಡುಗರು ಅಕ್ಕಂದಿರ ನೇಲ್ ಪಾಲಿಶ್‌ನಿಂದ ಗುರುತು ಹಾಕುತ್ತಿದ್ದೆವು. ನನ್ನದಕ್ಕೆ ಒಂದು ಚುಕ್ಕೆ. ಪಕ್ಕದ ಮನೆಯ ಗೆಳೆಯನದಕ್ಕೆ ಎರಡು. ಈ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಕೆಂಪು ಚುಕ್ಕೆ ಇನ್ನೂ ಅಳಿಸಿಲ್ಲ.

ಅವನ ಬಳಿ ಯಂತ್ರ ಇರಲಿಲ್ಲ, ಇದೊಂದು ಕ್ಯಾಸೆಟ್ ಮಾತ್ರ ಇತ್ತು. ಅದರಲ್ಲಿದ್ದದ್ದು ನಾಮ್ಕೊ ಕಂಪನಿಯ ಬ್ಯಾಟಲ್ ಸಿಟಿ. ಇಬ್ಬರು ಎರಡು ಟ್ಯಾಂಕ್ ಓಡಿಸುತ್ತ, ಹಂತಕ್ಕೆ 20ರಂತೆ ಬರುವ ಶತ್ರು ಟ್ಯಾಂಕ್‌ಗಳಿಂದ ಇಟ್ಟಿಗೆ ಗೋಡೆಯೊಳಗಿನ ಹದ್ದಿನ ಗುರುತನ್ನು ಕಾಪಾಡಬೇಕು. ಆ ಆಟದ ವಿಶೇಷವೆಂದರೆ ನಿಮ್ಮ ಗುಂಡು ಜೊತೆಗಾರನಿಗೆ ತಗುಲಿದರೆ ಅವನ ಟ್ಯಾಂಕ್ ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತದೆ. ಗುರಿ ತಪ್ಪಿದರೆ ಕಾಯಬೇಕಾದ ಹದ್ದನ್ನು ನೀವೇ ಹೊಡೆದುಬಿಡಬಹುದು. ಆದ್ದರಿಂದ ಪಕ್ಕದಲ್ಲಿ ಕೂತವನ ಜೊತೆ ಮಾತಾಡುತ್ತಲೇ ಆಡಬೇಕು. ಯಂತ್ರದ ಎರಡನೆಯ ಕಂಟ್ರೋಲರಿನಲ್ಲಿ ಸ್ಟಾರ್ಟ್ ಗುಂಡಿಯೇ ಇರಲಿಲ್ಲ. ಆಟ ನಿಲ್ಲಿಸುವ ಅಧಿಕಾರ ಮೊದಲನೆಯವನಿಗೆ ಮಾತ್ರ. ಯಂತ್ರ ನಮ್ಮ ಮನೆಯದಾದ್ದರಿಂದ ಮೊದಲನೆಯವನು ಯಾವಾಗಲೂ ನಾನೇ. ಮಗ್ರಿಬ್ ಅಜಾನ್ ಕೇಳಿದಾಗ ಸ್ಟಾರ್ಟ್ ಒತ್ತಿ ನಾನು ಮಸೀದಿಗೆ ಓಡುತ್ತಿದ್ದೆ. ಬರುವವರೆಗೆ ಅವನು ನಿಂತ ಪರದೆಯನ್ನು ಕಾಯುತ್ತ ಕೂತಿರುತ್ತಿದ್ದ. ಕರೆಂಟು ಹೋದರೆ ಮಾತ್ರ ಇಬ್ಬರ ಆಟವೂ ಮಣ್ಣುಪಾಲು. ಆಟವನ್ನು ಉಳಿಸಿಡುವ ವ್ಯವಸ್ಥೆ ಆ ಕ್ಯಾಸೆಟ್ಟಿನಲ್ಲಿರಲಿಲ್ಲ.

ಅವನ ತಂದೆ ಟರ್ನರ್. ಇಲ್ಲಿ ಕೆಲಸ ಹೋದ ಮೇಲೆ ಪುಣೆ ಕಡೆ ಹೊರಟರು. ಹೊರಡುವ ಹಿಂದಿನ ಸಂಜೆ ಅವನು ಬಾಗಿಲಿಗೆ ಬಂದು, "ಲೇ, ನನ್ ಕ್ಯಾಸೆಟ್ ಕೊಡಲೇ, ನಾಳೆ ಹೋಗ್ತೀವಿ" ಎಂದ. ನಾನು, "ದಾವಣಗೆರೆ ಮಾಮು ಮನೇಲಿ ಐತಲೇ" ಎಂದೆ. "ಹೋಗ್ಲಿ ಬಿಡು, ರಜಕ್ಕೆ ಬಂದಾಗ ಕೊಡುವಂತೆ" ಎಂದು ಹೋದ. ಕ್ಯಾಸೆಟ್ ನನ್ನ ಸ್ಕೂಲ್ ಬ್ಯಾಗಿನಲ್ಲೇ ಇತ್ತು. ಅವನು ರಜಕ್ಕೆ ಬರಲಿಲ್ಲ. ವಿಚಿತ್ರವೆಂದರೆ ಸುಳ್ಳು ಹೇಳಿ ಉಳಿಸಿಕೊಂಡ ಆ ಆಟವನ್ನು ಆಮೇಲೆ ನಾನು ಒಬ್ಬನೇ ಹೆಚ್ಚು ಆಡಲೂ ಇಲ್ಲ.

ಇದಕ್ಕೆ ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಒಂದು ಹೆಸರಿದೆ: ಅಮಾನತ್. ನಂಬಿ ಕೊಟ್ಟದ್ದು. ಅದನ್ನು ಉಳಿಸಿಕೊಳ್ಳುವುದು ಎಂಥ ತಪ್ಪೆಂದು ನಿಮಗೆ ಬೋಧಿಸುವ ಯೋಗ್ಯತೆ ನನಗಿಲ್ಲ ಎಂಬುದನ್ನು ಈಗಷ್ಟೇ ಒಪ್ಪಿಕೊಂಡಿದ್ದೇನೆ. ನಾನು ಹೇಳಹೊರಟಿರುವುದು ಬೇರೆ. ಅವನು ನನಗೆ ಕೊಡಬಲ್ಲವನಾಗಿದ್ದ, ನಾನು ಹಿಂದಿರುಗಿಸಬಲ್ಲವನಾಗಿದ್ದೆ. ನಂಬುವುದಕ್ಕೂ ನಂಬಿಕೆ ಮುರಿಯುವುದಕ್ಕೂ ಅಲ್ಲೊಂದು ಕೈಗೆ ಸಿಗುವ ವಸ್ತು ಇತ್ತು. ಇವತ್ತು ನೀವು ಆಡುವ ಆಟಗಳಲ್ಲಿ ಯಾವುದನ್ನು ಗೆಳೆಯನಿಗೆ ಒಂದು ವಾರ ಎರವಲು ಕೊಡಬಲ್ಲಿರಿ?

ರಜೆ ಮುಗಿದ ಮೇಲೆ ಡಬ್ಬಿಯನ್ನು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ತಂದಿದ್ದೆ. ದ್ವಿತೀಯ ಪಿಯುಸಿಯ ಕೆಲವರು ಸುತ್ತ ಸೇರಿದರು. ನಾವು ಚಿಕ್ಕಂದಿನಲ್ಲಿ ಕ್ಯಾಸೆಟ್ ಓಡದಿದ್ದರೆ ಪಿನ್ನುಗಳಿಗೆ ಬಾಯಿಂದ ಉಫ್ ಎಂದು ಊದುತ್ತಿದ್ದೆವು. ಅದು ಶುದ್ಧ ಮೂಢನಂಬಿಕೆ. ಕೆಲಸ ಮಾಡುತ್ತಿದ್ದದ್ದು ತೆಗೆದು ಮತ್ತೆ ಹಾಕುವ ಕ್ರಿಯೆ. ಉಸಿರಿನ ತೇವ ಲೋಹಕ್ಕೆ ತುಕ್ಕು ತರುತ್ತದೆ. ಈ ಸಲ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ಒರೆಸಿದೆವು. ಒಂದನ್ನು ಸ್ಕ್ರೂ ಬಿಚ್ಚಿ ತೆರೆದೆವು. ಒಳಗೆ ಚಿಕ್ಕ ಹಸಿರು ಬೋರ್ಡು, ಚಿಪ್ ಮೇಲೆ ಕಪ್ಪು ಎಪಾಕ್ಸಿಯ ಬೊಟ್ಟು, ಅಷ್ಟೇ. ಹನ್ನೊಂದರಲ್ಲಿ ಎಂಟು ಓಡಿದವು. ಬಾತುಕೋಳಿ ಹೊಡೆಯುವ ಡಕ್ ಹಂಟ್ ಓಡಿತು, ಆದರೆ ಗನ್ ಕೆಲಸ ಮಾಡಲಿಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತು ಇದ್ದ ಜಾಗ ಮಾತ್ರ ಬಿಳಿ ಚೌಕವಾಗುತ್ತದೆ. ಆ ಬೆಳಕನ್ನು ಗನ್ನಿನ ಸೆನ್ಸರ್ ಅದೇ ಕ್ಷಣದಲ್ಲಿ ಹಿಡಿಯಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಹಿಡಿಯುತ್ತಿತ್ತು. ಈಗಿನ ಟಿವಿಗಳು ಚಿತ್ರ ತೋರಿಸಲು ತುಸು ತಡ ಮಾಡುತ್ತವೆ. ಇದನ್ನು ಯಾಕೆ ಎಂದು ಹುಡುಕಿ ಹೇಳಿದವಳು ಒಬ್ಬ ವಿದ್ಯಾರ್ಥಿನಿ, ನಾನಲ್ಲ.

ಆ ಮಧ್ಯಾಹ್ನ ಒಬ್ಬ ಹುಡುಗ ಕೇಳಿದ: "ಸರ್, ಇಪ್ಪತ್ತೈದು ವರ್ಷ ಆದ್ರೂ ಓಡ್ತಿದೆ. ನನ್ನ ಗೇಮು ಓಡುತ್ತಾ?" ಅವನ ಪ್ರಶ್ನೆಗೆ ಉತ್ತರ ಇತ್ತೀಚಿನ ಇತಿಹಾಸದಲ್ಲೇ ಇದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. ಅಕ್ಟೋಬರ್ 30ರಂದು ಭಾರತದ ಆಟಗಾರರಿಗೆ ಸರ್ವರ್ ಕೂಡ ನಿಂತಿತು. ನಿಷೇಧ ಸರಿಯೋ ತಪ್ಪೋ ಎಂಬುದು ಇಲ್ಲಿಯ ಚರ್ಚೆಯಲ್ಲ. ಆದರೆ ಹಣ ಕೊಟ್ಟು ಕೊಂಡ ಉಡುಪು, ಬಂದೂಕಿನ ಬಣ್ಣ ಅಂದು ಆಟಗಾರರ ಕೈಗೆ ಸಿಗದಾದವು. ಮುಂದಿನ ವರ್ಷ ಬಂದ ಭಾರತೀಯ ಆವೃತ್ತಿಗೆ ಹಳೆಯ ಖಾತೆ ವರ್ಗಾಯಿಸಲು ಸ್ವಲ್ಪ ಕಾಲ ಅವಕಾಶ ಸಿಕ್ಕಿತು ನಿಜ. ಅದೂ ಕಂಪನಿ ಕೊಟ್ಟ ಅವಕಾಶವೇ ಹೊರತು ಆಟಗಾರರ ಹಕ್ಕಲ್ಲ. 2024ರ ಮಾರ್ಚ್ 31ರಂದು ಯುಬಿಸಾಫ್ಟ್ ಕಂಪನಿ ದಿ ಕ್ರೂ ಎಂಬ ಕಾರ್ ಆಟದ ಸರ್ವರ್ ನಿಲ್ಲಿಸಿದಾಗ, ಡಿಸ್ಕ್ ಕೊಂಡವರ ಡಿಸ್ಕ್ ಕೂಡ ನಿರುಪಯುಕ್ತವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇಂಥ ವಸ್ತುಗಳನ್ನು ಮಾರುವವರು, ಗ್ರಾಹಕನಿಗೆ ಸಿಗುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಜಾರಿಯಲ್ಲಿದೆ. ಅಂದರೆ "ಬೈ" ಎಂಬ ಗುಂಡಿ ಒತ್ತಿದರೂ ನಾವು ಕೊಳ್ಳುತ್ತಿಲ್ಲ, ಬಾಡಿಗೆಗಿದ್ದೇವೆ. ನನ್ನ ಅಭಿಪ್ರಾಯ ಇಷ್ಟೇ: ಯಾವುದನ್ನು ಎರವಲು ಕೊಡಲು, ಬಿಚ್ಚಿ ನೋಡಲು, ರಿಪೇರಿ ಮಾಡಲು ನಮಗೆ ಬಿಡುವುದಿಲ್ಲವೋ ಅದು ನಮ್ಮದಲ್ಲ. ನಮ್ಮದಲ್ಲದ್ದಕ್ಕೆ ಎಷ್ಟು ದುಡ್ಡು, ಎಷ್ಟು ರಾತ್ರಿ ಕೊಡಬೇಕೆಂದು ಲೆಕ್ಕ ಹಾಕಿಯೇ ಕೊಡಬೇಕು.

ಇದಕ್ಕೆ ಸ್ಟಾಫ್ ರೂಮಿನಲ್ಲೇ ಎರಡು ಆಕ್ಷೇಪ ಬಂದವು. ಮೊದಲನೆಯದು: "ನಕಲು ಕ್ಯಾಸೆಟ್ ಕೊಂಡವರು ಹಕ್ಕಿನ ಮಾತಾಡಬಹುದೇ?" ನ್ಯಾಯವಾದ ಪ್ರಶ್ನೆ. ಆ ಆಟಗಳನ್ನು ಕಷ್ಟಪಟ್ಟು ಕಟ್ಟಿದವರಿಗೆ ನನ್ನ ಈದಿಯಿಂದ ಒಂದು ಪೈಸೆಯೂ ಹೋಗಿರಲಾರದು. ಆಗ ಗೊತ್ತಿರಲಿಲ್ಲ ಎನ್ನಬಹುದು, ಈಗ ಗೊತ್ತಿದ್ದೂ ಸಮರ್ಥಿಸಿಕೊಳ್ಳಲಾರೆ. ವಸ್ತು ಯಾರದು ಎಂಬ ಪ್ರಶ್ನೆ ಕೊಳ್ಳುವವನಿಗೆ ಹೇಗೋ ಹಾಗೆ ಮಾಡಿದವನಿಗೂ ಸಲ್ಲಬೇಕು.

ಎರಡನೆಯದು: "ಹಳೆಯದೆಲ್ಲ ಒಳ್ಳೆಯದು ಅಂತೀರಲ್ಲ, ಈಗಿನ ಹುಡುಗರೂ ಜೊತೆಯಾಗಿಯೇ ಆಡ್ತಾರೆ." ಇದನ್ನೂ ಒಪ್ಪುತ್ತೇನೆ. ನಾವು ಇವತ್ತಿನ ಹುಡುಗರಾಗಿದ್ದರೆ, ಅವನು ಪುಣೆಗೆ ಹೋದ ರಾತ್ರಿಯೇ ಮತ್ತೆ ಒಟ್ಟಿಗೆ ಆಡುತ್ತಿದ್ದೆವು. ಗೆಳೆಯ ಹೀಗೆ ಕಳೆದುಹೋಗುತ್ತಿರಲಿಲ್ಲ. ಅದು ಸಣ್ಣ ವರವಲ್ಲ. ನಾನು ಫೋನ್ ಬಿಸಾಡಿ ಎಂದು ಹೇಳುತ್ತಿಲ್ಲ. ಕೈಯಿಂದ ಕೈಗೆ ದಾಟುವ ವಸ್ತುಗಳೂ ನಮ್ಮ ನಡುವೆ ಉಳಿಯಲಿ ಎನ್ನುತ್ತಿದ್ದೇನೆ. ಕೊಟ್ಟು ತಗೊಳ್ಳುವ ಅಭ್ಯಾಸ ವಸ್ತು ಇಲ್ಲದೆ ಬರುವುದಿಲ್ಲ.

ಅದಕ್ಕೆ ಎರಡು ಸಣ್ಣ ಸಲಹೆಗಳು. ಒಂದು, ಶನಿವಾರ ತರಗತಿ ಮುಗಿದ ಮೇಲೆ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಒಂದು ಮೇಜು ಹಳೆಯ ಸಾಮಾನುಗಳಿಗೆ ಮೀಸಲಾಗಲಿ. ಮನೆಯಲ್ಲಿ ಕೆಟ್ಟು ಬಿದ್ದಿರುವ ರೇಡಿಯೊ, ಎಮರ್ಜೆನ್ಸಿ ಲೈಟು, ರಿಮೋಟು ತನ್ನಿ. ಬಿಚ್ಚೋಣ. ಎಲ್ಲವೂ ಸರಿಹೋಗುವುದಿಲ್ಲ, ನಮ್ಮ ಮೂರು ಕ್ಯಾಸೆಟ್‌ಗಳೂ ಸರಿಹೋಗಲಿಲ್ಲ. ಎರಡು, ಗ್ರಂಥಾಲಯದಲ್ಲಿ ಒಂದು ಎರವಲು ಕಪಾಟು ಇರಲಿ. ಹೊರಹೋಗುವ ದ್ವಿತೀಯ ಪಿಯುಸಿಯವರ ಲ್ಯಾಬ್ ಕೋಟು, ಸಿಇಟಿ ಪುಸ್ತಕ, ಚೆಸ್ ಬೋರ್ಡು ಅಲ್ಲಿ ಸೇರಲಿ. ಬೀಗ ಬೇಡ, ತೆಗೆದುಕೊಂಡವರ ಹೆಸರು ಮತ್ತು ತಾರೀಕು ಬರೆಯಲು ಒಂದು ನೋಟ್‌ಬುಕ್ ಸಾಕು. ಕೆಲವು ವಸ್ತು ತಿರುಗಿ ಬರುವುದಿಲ್ಲ, ಗೊತ್ತು. ಹಾಗೆ ಉಳಿಸಿಕೊಂಡವನ ಡಬ್ಬಿಯಲ್ಲಿ ಅದು ಎಷ್ಟು ವರ್ಷ ಕೂತಿರುತ್ತದೆ ಎಂಬುದೂ ನನಗೆ ಗೊತ್ತು.

ಹಳೆಯ ಗೆಳೆಯನನ್ನು ಹುಡುಕಲು ಶುರುಮಾಡಿದ್ದೇನೆ. ಹರಿಹರದ ನಮ್ಮ ಬೀದಿಯ ಹಿರಿಯರೊಬ್ಬರು ಅವರ ಸಂಬಂಧಿಕರ ಮನೆ ತೋರಿಸಿದ್ದಾರೆ, ಮುಂದಿನ ಭಾನುವಾರ ಹೋಗುವವನಿದ್ದೇನೆ. ಎರಡು ಚುಕ್ಕೆಯ ಕ್ಯಾಸೆಟ್ ಓಡಿದ ಎಂಟರಲ್ಲಿ ಒಂದು. ಆ ದಿನ ಲ್ಯಾಬಿನಲ್ಲಿ ಹುಡುಗರು ಅದನ್ನು ಆಡೋಣ ಸರ್ ಎಂದರು. ಶುರುವಾಗುವುದನ್ನು ನೋಡಿ ಸ್ವಿಚ್ ಆರಿಸಿ ತೆಗೆದಿಟ್ಟೆ. ಉಳಿದ ಹತ್ತು ನನ್ನವು. ಯಾರಿಗೆ ಬೇಕೋ ಬನ್ನಿ, ಒಂದು ವಾರಕ್ಕೆ ಎರವಲು ಕೊಡುತ್ತೇನೆ.

– ಎಲೆಕ್ಟ್ರಾನಿಕ್ಸ್ ಉಪನ್ಯಾಸಕ